ದೇವರಿಗೆ ಹೆದರದವನು ಒಳ್ಳೆಯವನಾಗಬಲ್ಲನೇ?

‘ದೇವರಿಗೇ ಹೆದರದವನು ಇನ್ಯಾರಿಗೆ ಹೆದರುತ್ತಾನೆ?’ ನಮ್ಮಲ್ಲಿ ಇದು ಪ್ರಶ್ನೆಯ ರೂಪದಲ್ಲಿರುವ ತೀರ್ಪು. ರಾಜಾಜಿನಗರ, ವಿಜಯನಗರದ ಉದ್ಯಾನಗಳ ಕಲ್ಲುಬೆಂಚುಗಳ ಮೇಲೆ ಸಂಜೆ ಸೇರುವ ಹಿರಿಯರ ಮಾತು ಎಲ್ಲಿಂದಲೇ ಶುರುವಾದರೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಲಂಚ ಹೆಚ್ಚಿತು, ಮಕ್ಕಳು ಮಾತು ಕೇಳುವುದಿಲ್ಲ, ಅಣ್ಣತಮ್ಮಂದಿರು ಸೈಟಿಗಾಗಿ ಕೋರ್ಟು ಹತ್ತಿದ್ದಾರೆ. ಕಾರಣ? ‘ದೈವಭಕ್ತಿ ಕಡಿಮೆಯಾಯಿತು ಸ್ವಾಮಿ!’

ನಿಜಕ್ಕೂ ಕಡಿಮೆಯಾಗಿದೆಯೇ? ಕಾರ್ಡ್ ರಸ್ತೆಯ ಗುಡ್ಡದ ಮೇಲೆ ಇಸ್ಕಾನ್ ಮಂದಿರ ಎದ್ದದ್ದು 1997ರಲ್ಲಿ. ಬಡಾವಣೆಯ ಗುಡಿಗಳಲ್ಲಿ ಹಬ್ಬದ ದಿನ ಸಾಲು ರಸ್ತೆಯವರೆಗೆ ಬರುತ್ತದೆ. ಭಕ್ತಿಗೇನೂ ಬರ ಬಂದಂತೆ ಕಾಣುವುದಿಲ್ಲ. ಆದರೂ ಲಂಚ ನಿಂತಿಲ್ಲ, ವರದಕ್ಷಿಣೆ ನಿಂತಿಲ್ಲ. ‘ಮಾಡೋದೆಲ್ಲ ಅನಾಚಾರ, ಮನೆ ಮುಂದೆ ಬೃಂದಾವನ’ ಎಂಬ ಗಾದೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಭಕ್ತಿ ಬೇರೆ, ನಡತೆ ಬೇರೆ ಎಂಬುದನ್ನು ನಮ್ಮ ಅಜ್ಜಿಯಂದಿರು ಕಂಡುಕೊಂಡಿದ್ದರು.

ಭಕ್ತಿಯಿದ್ದೂ ನಡತೆ ಕೆಡಬಹುದೆಂದಾಯಿತು. ಹಾಗಾದರೆ ಭಕ್ತಿಯಿಲ್ಲದೆ ನಡತೆ ಇರಬಹುದೇ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ಬಸವನಗುಡಿಯವರೆಗೆ ಹೋದರೆ ಸಾಕು.

ಖಾದಿಯ ವಿಚಾರವಾದಿ

ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ್ದು 1920ರಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಒಂದು ಬಡ ಕುಟುಂಬದಲ್ಲಿ. ಓದುವ ಆಸೆಯಿಂದ ಹಳ್ಳಿಯಿಂದ ಬೆಂಗಳೂರಿಗೆ ನಡೆದೇ ಬಂದ ಹುಡುಗ. 1942ರಲ್ಲಿ ಓದು ಬಿಟ್ಟು ‘ಭಾರತ ಬಿಟ್ಟು ತೊಲಗಿ’ ಚಳವಳಿಗೆ ಧುಮುಕಿ ಜೈಲು ಸೇರಿದರು. ಮುಂದೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು. ಹಿಂದಿರುಗಿ ಬಂದು ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. 1984ರಲ್ಲಿ ಪದ್ಮಭೂಷಣವೂ ಬಂತು.

ಇಷ್ಟಾದ ಮೇಲೂ ಅವರ ಮನೆ ಯಾವುದು? ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೊಠಡಿ. ಉಡುಪು ಖಾದಿ. ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ. 2005ರ ಜನವರಿ 31ರಂದು ಅವರು ತೀರಿಕೊಂಡಾಗ ಬೆಂಗಳೂರು ಕಳೆದುಕೊಂಡದ್ದು ಒಬ್ಬ ಸಂತನನ್ನೇ ಎಂದರೆ ತಪ್ಪಲ್ಲ. ಆದರೆ ಈ ಸಂತ ದೇವರನ್ನಾಗಲೀ ಪವಾಡವನ್ನಾಗಲೀ ನಂಬಿದವರಲ್ಲ. ಕುಲಪತಿಯಾಗಿದ್ದಾಗಲೇ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ, ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಪರೀಕ್ಷೆಗೆ ಒಪ್ಪಬೇಕೆಂದು ಪತ್ರ ಬರೆದವರು. ಪತ್ರಗಳಿಗೆ ಉತ್ತರ ಬರಲಿಲ್ಲ, ನಾಡಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಅದೇ 1976ರಲ್ಲಿ ಸಂವಿಧಾನಕ್ಕೆ 42ನೇ ತಿದ್ದುಪಡಿ ಬಂದು, ವೈಜ್ಞಾನಿಕ ಮನೋಭಾವ ಮತ್ತು ಮಾನವತೆಯನ್ನು ಬೆಳೆಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಸೇರಿತು. ಎರಡನ್ನೂ ಒಂದೇ ವಾಕ್ಯದಲ್ಲಿ ಇಟ್ಟದ್ದನ್ನು ಗಮನಿಸಬೇಕು.

ಎಚ್.ಎನ್. ಗಾಂಧೀಜಿಯ ಅನುಯಾಯಿ. ಗಾಂಧೀಜಿಯೋ ರಾಮನಾಮದವರು. ಈ ಗುರುಶಿಷ್ಯರ ನಡುವೆ ಸೇತುವೆ ಯಾವುದು? ಸತ್ಯ. ‘ದೇವರೇ ಸತ್ಯ’ ಎನ್ನುತ್ತಿದ್ದ ಗಾಂಧೀಜಿ ಅದನ್ನು ತಿರುಗಿಸಿ ‘ಸತ್ಯವೇ ದೇವರು’ ಎಂದುಕೊಂಡರು. 1931ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದಕ್ಕೆ ಕಾರಣವನ್ನೂ ವಿವರಿಸಿದರು: ದೇವರನ್ನು ಅಲ್ಲಗಳೆಯುವವರು ಇದ್ದಾರೆ, ಸತ್ಯದ ಅಗತ್ಯವನ್ನು ನಾಸ್ತಿಕರೂ ಅಲ್ಲಗಳೆಯಲಾರರು ಎಂದು. ಆ ವಿಶಾಲ ಜಗಲಿಯಲ್ಲಿ ಎಚ್.ಎನ್. ಅವರಂಥವರಿಗೂ ಜಾಗವಿತ್ತು.

ಹಳೆಯ ಜಗಲಿ

‘ಇದೆಲ್ಲ ಇಂಗ್ಲಿಷ್ ಓದಿದವರ ವಿಚಾರ’ ಎನ್ನುವವರು ಒಮ್ಮೆ ಶ್ರವಣಬೆಳಗೊಳದ ಬೆಟ್ಟ ಹತ್ತಿ ನೋಡಬೇಕು. ಜೈನ ಧರ್ಮದಲ್ಲಿ ಜಗತ್ತನ್ನು ಸೃಷ್ಟಿಸಿ, ತಪ್ಪಿಗೆ ಶಿಕ್ಷೆ ಕೊಡುವ ಈಶ್ವರನಿಲ್ಲ. ಆದರೂ ಇರುವೆಗೆ ನೋವಾಗಬಾರದೆಂಬಷ್ಟು ಸೂಕ್ಷ್ಮವಾದ ಅಹಿಂಸೆಯಿದೆ. ಬುದ್ಧನೂ ಸೃಷ್ಟಿಕರ್ತನ ಹಂಗಿಲ್ಲದೆ ಕರುಣೆಯನ್ನು ಬೋಧಿಸಿದ. ವೇದವನ್ನೇ ಪ್ರಮಾಣವೆಂದ ಪೂರ್ವಮೀಮಾಂಸಕರು ಕೂಡ ಸೃಷ್ಟಿಕರ್ತ ಬೇಕೇಬೇಕೆಂದು ಹೇಳಲಿಲ್ಲ. ಅಂದರೆ ಮತವನ್ನು ಒಪ್ಪಿದ ಮಾತ್ರಕ್ಕೆ ಸೃಷ್ಟಿಕರ್ತನನ್ನು ಒಪ್ಪಬೇಕೆಂದೇನೂ ಇಲ್ಲ.

ಇನ್ನು ಬಸವಣ್ಣನವರು. ಅವರದು ಅಪ್ಪಟ ಭಕ್ತಿ, ಸಂದೇಹವಿಲ್ಲ. ಆದರೆ ಆ ಭಕ್ತಿಗೆ ಅವರು ಇಟ್ಟ ಪರೀಕ್ಷೆ ಯಾವುದು? ಕಾಯಕ, ದಾಸೋಹ, ದಯೆ, ನುಡಿದಂತೆ ನಡೆಯುವುದು. ಈ ಪರೀಕ್ಷೆಯಲ್ಲಿ ಆಸ್ತಿಕನೂ ಫೇಲಾಗಬಹುದು, ನಾಸ್ತಿಕನೂ ಪಾಸಾಗಬಹುದು. ಅವರ ಹೆಸರಿನ ಬಡಾವಣೆಯಲ್ಲಿ ಬದುಕುವ ನಾವು ಇದನ್ನು ಆಗಾಗ ನೆನೆಯಬೇಕು.

ಭಯದ ಪಾಠ

‘ಎಚ್.ಎನ್. ಅಂಥವರು ಲಕ್ಷಕ್ಕೊಬ್ಬರು. ಸಾಮಾನ್ಯರಿಗೆ ಭಯವೇ ಬೇಕು’ ಎಂಬ ಆಕ್ಷೇಪ ಬರುತ್ತದೆ. ‘ಸುಳ್ಳು ಹೇಳಿದರೆ ದೇವರು ಕಣ್ಣು ಕೀಳುತ್ತಾನೆ’ ಎಂದು ಮಗುವಿಗೆ ಹೇಳುವುದು ಇದೇ ನಂಬಿಕೆಯಿಂದ. ಐದು ವರ್ಷದ ಮಗು ಹೆದರುತ್ತದೆ. ಹದಿನಾಲ್ಕರ ಹುಡುಗ? ಅವನು ಆಗಲೇ ಪ್ರಯೋಗ ಮಾಡಿ ನೋಡಿರುತ್ತಾನೆ. ಸುಳ್ಳು ಹೇಳಿದ, ಕಣ್ಣು ಹೋಗಲಿಲ್ಲ! ತರಗತಿಯಲ್ಲಿ ನಿಂತವರಿಗೆ ಆ ಮುಖ ಪರಿಚಿತ. ಪ್ರಾಮಾಣಿಕತೆಗೆ ಭಯವೊಂದೇ ಆಧಾರವಾಗಿದ್ದರೆ ಭಯ ಹೋದ ದಿನ ಪ್ರಾಮಾಣಿಕತೆಯೂ ಹೋಗುತ್ತದೆ. ‘ನೀನು ಸುಳ್ಳು ಹೇಳಿದ್ದರಿಂದ ಪಕ್ಕದವನಿಗೆ ಏಟು ಬಿತ್ತು, ಅವನ ಜಾಗದಲ್ಲಿ ನೀನಿದ್ದರೆ?’ ಎಂದು ಕೇಳಿದರೆ ಹುಡುಗ ತಲೆ ತಗ್ಗಿಸುತ್ತಾನೆ. ಆ ನಾಚಿಕೆ ದೊಡ್ಡವನಾದ ಮೇಲೂ ಉಳಿಯುತ್ತದೆ.

ನ್ಯಾಯಪ್ರಜ್ಞೆಯ ಬೇರು ಬಹಳ ಆಳದಲ್ಲಿದೆ. ಸಾರಾ ಬ್ರಾಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕ್ಯಾಪುಚಿನ್ ಕೋತಿಗಳ ಮೇಲಿನ ಪ್ರಯೋಗವೊಂದನ್ನು ಪ್ರಕಟಿಸಿದರು. ಒಂದೇ ಕೆಲಸಕ್ಕೆ ಒಂದು ಕೋತಿಗೆ ಸೌತೆಕಾಯಿ, ಪಕ್ಕದ ಕೋತಿಗೆ ದ್ರಾಕ್ಷಿ. ಅದುವರೆಗೆ ಸೌತೆಕಾಯಿ ತಿನ್ನುತ್ತಿದ್ದ ಕೋತಿ ಈಗ ಅದನ್ನು ನಿರಾಕರಿಸತೊಡಗಿತು. ಇದರ ಅರ್ಥವೇನೆಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆಯಿದೆ. ತನಗೆ ಕಡಿಮೆ ಸಿಕ್ಕಿತೆಂಬ ಸಿಟ್ಟು ಇನ್ನೂ ನೀತಿಯಲ್ಲ. ಇನ್ನೊಬ್ಬನಿಗೆ ಕಡಿಮೆ ಸಿಕ್ಕಾಗಲೂ ನಮಗೆ ಸಿಟ್ಟು ಬಂದರೆ ಅದು ನೀತಿ. ಅಲ್ಲಿಗೆ ಏರಲು ಮನುಷ್ಯನಿಗೆ ಮನೆ, ಶಾಲೆ, ಸಹವಾಸ ಎಲ್ಲ ಬೇಕು.

ಧರ್ಮವೂ ಬೇಕೇ? ಬಹುಮಂದಿಗೆ ಅದು ಆಸರೆ. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮೀಜಿ 2019ರಲ್ಲಿ ಲಿಂಗೈಕ್ಯರಾಗುವವರೆಗೆ ಸಾವಿರಾರು ಬಡ ಮಕ್ಕಳಿಗೆ ಜಾತಿ ಕೇಳದೆ ಅನ್ನ, ಅಕ್ಷರ ಕೊಟ್ಟರು. ಒಬ್ಬಂಟಿ ವಿಚಾರವಾದಿ ಕಟ್ಟಲಾರದಂಥ ಸಂಸ್ಥೆಗಳನ್ನು ಶ್ರದ್ಧೆ ಕಟ್ಟಿದೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಒಂದು ದಾರಿ ಒಳ್ಳೆಯದೆಂದ ಮಾತ್ರಕ್ಕೆ ಅದೊಂದೇ ದಾರಿ ಎಂದಾಗುವುದಿಲ್ಲ.

ಕಣ್ಣಿಗೆ ಮತವಿಲ್ಲ

ರಾಜಾಜಿನಗರದ ನಾರಾಯಣ ನೇತ್ರಾಲಯದಲ್ಲಿ ಡಾ. ರಾಜ್‌ಕುಮಾರ್ ನೇತ್ರನಿಧಿ 1994ರಲ್ಲಿ ಆರಂಭವಾಯಿತು. ರಾಜ್‌ಕುಮಾರ್ ಮಹಾ ದೈವಭಕ್ತರು. ‘ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡರಾಗುತ್ತಾರೆ’ ಎಂದು ಜನ ಹೆದರುತ್ತಿದ್ದಾಗ ಅವರು ತಮ್ಮ ಇಡೀ ಕುಟುಂಬದ ಕಣ್ಣುಗಳನ್ನು ಬರೆದುಕೊಟ್ಟರು. 2006ರಲ್ಲಿ ಅವರದು, 2017ರಲ್ಲಿ ಪಾರ್ವತಮ್ಮನವರದು, 2021ರಲ್ಲಿ ಪುನೀತ್ ಅವರದು, ಮಾತು ನಡೆಯಿತು. ಪುನೀತ್ ಅವರ ಎರಡು ಕಾರ್ನಿಯಾಗಳ ಪದರಗಳನ್ನು ಬೇರ್ಪಡಿಸಿ ವೈದ್ಯರು ನಾಲ್ವರಿಗೆ ದೃಷ್ಟಿ ಕೊಟ್ಟರು.

ಕಾರ್ನಿಯಾ ಅರ್ಧ ಮಿಲಿಮೀಟರಿನಷ್ಟು ದಪ್ಪದ ಪಾರದರ್ಶಕ ಪರದೆ. ಅದರಲ್ಲಿ ರಕ್ತನಾಳಗಳಿಲ್ಲ. ಆದ್ದರಿಂದ ಸಾಮಾನ್ಯವಾಗಿ ರಕ್ತದ ಗುಂಪು ಹೊಂದಿಸುವ ಗೋಜೂ ಇಲ್ಲ. ಸತ್ತ ಆರು ಗಂಟೆಯೊಳಗೆ ತೆಗೆದರಾಯಿತು. ಕೊಟ್ಟವನು ದಿನಕ್ಕೆ ಮೂರು ಹೊತ್ತು ಸಂಧ್ಯಾವಂದನೆ ಮಾಡುತ್ತಿದ್ದನೋ, ಮಸೀದಿಗೆ ಹೋಗುತ್ತಿದ್ದನೋ, ಎಲ್ಲಿಗೂ ಹೋಗದೆ ಮನೆಯಲ್ಲಿ ಪೇಪರ್ ಓದುತ್ತಿದ್ದನೋ, ಪಡೆದವನ ಕಣ್ಣಿಗೆ ಗೊತ್ತಾಗುವುದಿಲ್ಲ. ಭಕ್ತ ಇದನ್ನು ದೇವರ ಸೇವೆ ಎಂದು ಮಾಡುತ್ತಾನೆ, ನಾಸ್ತಿಕ ಮನುಷ್ಯಸೇವೆ ಎಂದು ಮಾಡುತ್ತಾನೆ. ಬೆಳಕು ಒಂದೇ.

ಅಧ್ಯಾತ್ಮವೆಂದರೆ ‘ನಾನು’ ಎಂಬ ಗೋಡೆ ತೆಳುವಾಗುವುದು ಎಂದು ತಿಳಿದರೆ, ಅದು ಗರ್ಭಗುಡಿಯ ಮುಂದೆಯೂ ಆಗಬಹುದು, ಅಮಾವಾಸ್ಯೆಯ ರಾತ್ರಿ ಊರಾಚೆ ನಿಂತು ನಕ್ಷತ್ರ ನೋಡುವಾಗಲೂ ಆಗಬಹುದು. ನಮ್ಮ ರಕ್ತದ ಕಬ್ಬಿಣ ಹುಟ್ಟಿದ್ದು ಅಂಥ ನಕ್ಷತ್ರಗಳಲ್ಲೇ ಎಂದು ತಿಳಿದವನಿಗೆ ಮೈ ಜುಮ್ಮೆನ್ನದಿದ್ದೀತೇ?

ಮನೆ ಬಾಡಿಗೆಗೆ ಕೊಡುವಾಗ, ಮದುವೆಯ ಸಂಬಂಧ ನೋಡುವಾಗ ‘ದೇವರು ದಿಂಡರು ಇದ್ದಾರಾ?’ ಎಂದು ವಿಚಾರಿಸುವ ಅಭ್ಯಾಸ ನಮ್ಮಲ್ಲಿದೆ. ವಿಚಾರಿಸಲಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿಕೊಂಡರೆ ಒಳ್ಳೆಯದು: ಕೆಲಸದಾಕೆಯ ಜೊತೆ ಇವರು ಹೇಗೆ ಮಾತನಾಡುತ್ತಾರೆ?