ಸಂಗ್ರಹಜಾಲದ ನೇಮ್ ಸರ್ವರ್: ದೋಷಶೋಧನೆಯ ಕ್ರಮ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1894ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಒಟ್ಟಿಗೆ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ನಂಜನಗೂಡು 1974ರ ಮೂರನೆಯ ಸಂಪುಟಕ್ಕೂ ನರಸೀಪುರ 1976ರ ಐದನೆಯ ಸಂಪುಟಕ್ಕೂ ಸೇರಿ, ಶಾಸನಗಳ ಕ್ರಮಾಂಕಗಳು ಬದಲಾದುವು. ಹಳೆಯ ಕ್ರಮಾಂಕವನ್ನು ಹಿಡಿದು ಹೊಸ ಸಂಪುಟವನ್ನು ತೆರೆದ ವಿದ್ಯಾರ್ಥಿಗೆ ಬೇರೊಂದು ಶಾಸನವೇ ದೊರೆಯಬಹುದು. ಕಲ್ಲು ಕಳೆದಿಲ್ಲ, ಸೂಚಿಯ ಸಂಬಂಧವಷ್ಟೇ ತಪ್ಪಿದೆ. ಇಂದು ಶಾಸನಗಳ ಪಡಿಯಚ್ಚುಗಳೂ ಛಾಯಾಚಿತ್ರಗಳೂ ಗಣಕಗಳ ಸಂಗ್ರಹವನ್ನು ಸೇರುತ್ತಿರುವುದರಿಂದ, ಅಲ್ಲಿ ಉಂಟಾಗುವ ಇದೇ ಬಗೆಯ ತೊಡಕನ್ನು ನಾವು ಅರಿತಿರುವುದು ಅವಶ್ಯ.

ಅನೇಕ ಗಣಕಗಳೂ ಸಂಗ್ರಹಪೆಟ್ಟಿಗೆಗಳೂ ಸ್ವಿಚ್ಚುಗಳ ಮೂಲಕ ಕೂಡಿರುವ ವ್ಯವಸ್ಥೆಗೆ ಸ್ಟೋರೇಜ್ ಏರಿಯಾ ನೆಟ್‌ವರ್ಕ್ ಎಂದು ಹೆಸರು. ಇದರ ಫೈಬರ್ ಚಾನೆಲ್ ಪದ್ಧತಿಯಲ್ಲಿ ಪ್ರತಿಯೊಂದು ಪೋರ್ಟಿಗೂ 64 ಬಿಟ್‌ಗಳ ಸ್ಥಿರನಾಮವೊಂದುಂಟು. ಜಾಲವನ್ನು ಪ್ರವೇಶಿಸಿದಾಗ ಸ್ವಿಚ್ಚು ಅದಕ್ಕೆ 24 ಬಿಟ್‌ಗಳ ವಿಳಾಸವನ್ನು ಕೊಡುತ್ತದೆ. ತಂತಿಯನ್ನು ಬೇರೆಡೆ ಸೇರಿಸಿದರೆ ಈ ವಿಳಾಸ ಬದಲಾಗಬಹುದು. ಮೊದಲನೆಯದು ಕಲ್ಲಿನಂತೆ, ಎರಡನೆಯದು ಸಂಪುಟದ ಕ್ರಮಾಂಕದಂತೆ. ಇವೆರಡನ್ನೂ ಜೋಡಿಸಿಡುವ ಸೂಚಿಯೇ ನೇಮ್ ಸರ್ವರ್. ತನಗೆ ಲಭ್ಯವಾದ ಸಂಗ್ರಹಗಳಾವುವೆಂದು ಗಣಕವು ವಿಚಾರಿಸುವುದು ಇದನ್ನೇ.

ಸಂಗ್ರಹವು ಗಣಕಕ್ಕೆ ಕಾಣದಾದಾಗ ಪರೀಕ್ಷೆಯು ಕ್ರಮವಾಗಿ ನಡೆಯಬೇಕು. ಮೊದಲು, ಪೋರ್ಟು ಸ್ವಿಚ್ಚನ್ನು ಪ್ರವೇಶಿಸಿದೆಯೇ ಎಂದು ನೋಡಬೇಕು. ಇಲ್ಲವಾದರೆ ದೋಷವು ತಂತಿಯಲ್ಲಿಯೋ ಜೋಡಣೆಯಲ್ಲಿಯೋ ಇರುವುದು. ಎರಡನೆಯದಾಗಿ, ಅದರ ನಾಮವು ಸೂಚಿಯಲ್ಲಿ ದಾಖಲಾಗಿದೆಯೇ ಎಂದು ನೋಡಬೇಕು. ಮೂರನೆಯದಾಗಿ, ವಲಯವಿಭಾಗವನ್ನು ಪರಿಶೀಲಿಸಬೇಕು. ಒಂದೇ ವಲಯಕ್ಕೆ ಸೇರಿದವುಗಳನ್ನು ಮಾತ್ರ ನೇಮ್ ಸರ್ವರ್ ತೋರಿಸುತ್ತದೆ. ಗಣಕದ ಕಾರ್ಡನ್ನು ಬದಲಾಯಿಸಿದಾಗ ಸ್ಥಿರನಾಮವೂ ಹೊಸದಾಗುತ್ತದೆ. ವಲಯದಲ್ಲಿ ಹಳೆಯ ನಾಮವೇ ಉಳಿದರೆ ಗಣಕಕ್ಕೆ ಉತ್ತರ ದೊರೆಯದು. ಇವೆಲ್ಲವೂ ಸರಿಯಿದ್ದರೆ, ಸಂಗ್ರಹಪೆಟ್ಟಿಗೆಯೇ ಆ ಗಣಕಕ್ಕೆ ಅನುಮತಿ ನೀಡಿದೆಯೇ ಎಂಬುದನ್ನು ನೋಡಬೇಕು.

ಜಾಲದಲ್ಲಿ ಹಲವು ಸ್ವಿಚ್ಚುಗಳಿರುವಾಗ ಮತ್ತೊಂದು ತೊಡಕು ಒದಗಬಹುದು. ನಂಜನಗೂಡಿನಲ್ಲಿಯೂ ನರಸೀಪುರದಲ್ಲಿಯೂ ಒಂದನೆಯ ಶಾಸನವುಂಟು. ತಾಲ್ಲೂಕಿನ ಹೆಸರು ಮುಂದಿರುವುದರಿಂದಲೇ ಅವು ಬೇರೆಯಾಗಿ ತಿಳಿಯುತ್ತವೆ. ಹಾಗೆಯೇ ವಿಳಾಸದ ಮೊದಲ 8 ಬಿಟ್‌ಗಳು ಸ್ವಿಚ್ಚಿನ ಸಂಖ್ಯೆಯನ್ನು ಸೂಚಿಸುತ್ತವೆ. ಒಂದೇ ಸಂಖ್ಯೆಯುಳ್ಳ ಎರಡು ಸ್ವಿಚ್ಚುಗಳನ್ನು ಕೂಡಿಸಿದರೆ ಜಾಲವು ಒಂದಾಗದೆ ಎರಡಾಗಿಯೇ ಉಳಿಯಬಹುದು. ಆಗ ಒಂದರ ಸೂಚಿಯಲ್ಲಿರುವುದು ಇನ್ನೊಂದಕ್ಕೆ ತಿಳಿಯದು.

ಈ ಕ್ರಮವನ್ನು ಬಿಟ್ಟು, ಕಾಣದ ಸಂಗ್ರಹವು ಕೆಟ್ಟಿತೆಂದು ಬಗೆದು ಅದನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸಲು ಹೊರಟರೆ, ಅದುವರೆಗೆ ಸುರಕ್ಷಿತವಾಗಿದ್ದ ದಾಖಲೆ ನಿಜವಾಗಿಯೂ ನಾಶವಾಗುತ್ತದೆ. ಆದುದರಿಂದ ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ ಎಂಬ ವಿವೇಕವು ಶಾಸನಶೋಧಕರಿಗೆ ಎಷ್ಟು ಅಗತ್ಯವೋ ಸಂಗ್ರಹಪಾಲಕರಿಗೂ ಅಷ್ಟೇ ಅಗತ್ಯವಾಗಿದೆ.