ನಿಮಗಿದು ಗೊತ್ತೇ? ಮನೆಯ ಒಲೆಯ ಮೇಲೆ ಗಮ್‌ಬಾಲ್‌ಹೆಡ್

ಅಮೆರಿಕದ ಇಂಡಿಯಾನಾ ರಾಜ್ಯದ ಮನ್‌ಸ್ಟರ್ ಊರಿನಲ್ಲಿರುವ ತ್ರೀ ಫ್ಲಾಯ್ಡ್ಸ್ ಬ್ರೂವರಿ ‘ಗಮ್‌ಬಾಲ್‌ಹೆಡ್’ ಎಂಬ ಗೋಧಿ ಬಿಯರ್ ತಯಾರಿಸುತ್ತದೆ. ರಾಬ್ ಸೈಯರ್ಸ್ ಅವರ ಕಾಮಿಕ್ಸ್‌ನ ಬೆಕ್ಕೊಂದರ ಹೆಸರು ಅದು. ಆಲ್ಕೋಹಾಲ್ ಶೇ 5.6, ಕಹಿ 35 ಐಬಿಯು. ಗೋಧಿಯ ಮೃದುತನದ ಮೇಲೆ ಹಾಪ್ಸ್ ಹೂವಿನ ಗಾಢ ಘಮ. ಅಮೆರಿಕದ ಹೋಮ್‌ಬ್ರೂವರ್‌ಗಳು ಇದರ ತದ್ರೂಪನ್ನು, ಅವರ ಮಾತಿನಲ್ಲಿ ‘ಕ್ಲೋನ್’ ಅನ್ನು, ಮನೆಯಲ್ಲೇ ಮಾಡಲು ಮನಸ್ಸಿಟ್ಟು ದುಡಿಯುತ್ತಾರೆ. ಬಾರ್ಲಿ ಮಾಲ್ಟ್, ಗೋಧಿ, ಅಮರಿಲೊ ಹಾಪ್ಸ್, ಯೀಸ್ಟ್, ನೀರು. ಸಾಮಗ್ರಿ ಇಷ್ಟೇ, ಅದರಲ್ಲಿ ಗುಟ್ಟಿಲ್ಲ. ಯಾವುದನ್ನು ಯಾವ ಹೊತ್ತಿಗೆ ಹಾಕಬೇಕು ಎನ್ನುವುದರಲ್ಲೇ ಎಲ್ಲ ವಿದ್ಯೆಯೂ ಇದೆ.

1979ರ ಆರಂಭದವರೆಗೆ ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧವಾಗಿತ್ತು, ಗೊತ್ತೇ? 1933ರಲ್ಲಿ ಪಾನನಿಷೇಧ ಮುಗಿದ ಮೇಲೆ ಮನೆಯ ವೈನಿಗೆ ವಿನಾಯಿತಿ ಸಿಕ್ಕಿತು, ಬಿಯರ್‌ಗೆ ಸಿಗಲಿಲ್ಲ. 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆ 1979ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಒಬ್ಬ ವಯಸ್ಕನಿದ್ದ ಮನೆಗೆ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 380 ಲೀಟರ್. ಇಬ್ಬರೋ ಹೆಚ್ಚೋ ಇದ್ದರೆ ಅದರ ಎರಡರಷ್ಟು. ಮಾರುವಂತಿಲ್ಲ. ಮಿಸಿಸಿಪ್ಪಿ ಮತ್ತು ಅಲಬಾಮಾ ರಾಜ್ಯಗಳು ಮಾತ್ರ ತಮ್ಮ ನಿಷೇಧವನ್ನು 2013ರವರೆಗೂ ಬಿಡಲಿಲ್ಲ.

ಕರ್ನಾಟಕದಲ್ಲಿ ಈ ಸ್ವಾತಂತ್ರ್ಯವಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಬೆಂಗಳೂರಿನ ಮೈಕ್ರೋಬ್ರೂವರಿಗಳು ಗೋಧಿ ಬಿಯರ್ ಮಾಡುವುದು ಲೈಸೆನ್ಸ್ ಪಡೆದೇ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಅಲ್ಲಿನ ಮಿತಿಯೊಳಗೆ ಮಾಡಿಕೊಳ್ಳಬಹುದು.

ಲೇಬಲ್ ಮೇಲಿನ ಒಂದೇ ಅಂಕಿಯಿಂದ ಕ್ಲೋನ್‌ನ ಲೆಕ್ಕ ಶುರುವಾಗುತ್ತದೆ. ಹುದುಗುವ ಮೊದಲು ಮತ್ತು ಹುದುಗಿದ ನಂತರ ದ್ರವದ ಸಾಂದ್ರತೆ ಎಷ್ಟೆಂದು ಅಳೆದು, ವ್ಯತ್ಯಾಸವನ್ನು 131.25ರಿಂದ ಗುಣಿಸಿದರೆ ಆಲ್ಕೋಹಾಲ್‌ನ ಶೇಕಡಾವಾರು ಸಿಗುತ್ತದೆ. ಶೇ 5.6 ಬೇಕೆಂದರೆ 1.055ರಲ್ಲಿ ಆರಂಭಿಸಿ 1.012ಕ್ಕೆ ಇಳಿಸಿದರಾಯಿತು. ಆಮೇಲೆ ಎಷ್ಟು ಕಾಳು ಬೇಕೆಂದು ಹಿಂದಕ್ಕೆ ಲೆಕ್ಕ ಹಾಕುತ್ತಾ ಹೋಗುತ್ತಾರೆ. ಇದಕ್ಕೆ ಬೇಕಾದ ಉಪಕರಣ ಹೈಡ್ರೋಮೀಟರ್ ಎಂಬ ಗಾಜಿನ ಕೊಳವೆ ಮಾತ್ರ.

ಗೋಧಿ ಕಾಳಿಗೆ ಬಾರ್ಲಿಗಿರುವಂಥ ಹೊಟ್ಟು ಅಂಟಿಕೊಂಡಿರುವುದಿಲ್ಲ. ಕಾಳು ನೆನೆಸಿದ ಬಿಸಿನೀರನ್ನು ಬಸಿಯುವಾಗ ಆ ಹೊಟ್ಟೇ ಸೋಸುವ ಪದರವಾಗುತ್ತದೆ. ಅದಿಲ್ಲದಿದ್ದರೆ ಮುದ್ದೆಯಾದ ಹಿಟ್ಟು ಪಾತ್ರೆಯ ತಳದಲ್ಲಿ ಕಟ್ಟಿಕೊಂಡು ಒಂದು ಹನಿಯೂ ಕೆಳಗಿಳಿಯುವುದಿಲ್ಲ. ಇದಕ್ಕೆ ಬ್ರೂವರ್‌ಗಳ ಪರಿಹಾರ ಭತ್ತದ ಹೊಟ್ಟು. ನಮ್ಮ ಅಕ್ಕಿ ಗಿರಣಿಯ ಹಿತ್ತಿಲಲ್ಲಿ ರಾಶಿ ಬೀಳುವ ಹೊಟ್ಟನ್ನೇ ಅಲ್ಲಿ ತೊಳೆದು, ಪೊಟ್ಟಣ ಕಟ್ಟಿ ಅಂಗಡಿಯಲ್ಲಿ ಮಾರುತ್ತಾರೆ. ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ನೀರಿಗೆ ದಾರಿ ಬಿಡುವುದಷ್ಟೇ ಅದರ ಕೆಲಸ.

ಗೋಧಿಯ ಪ್ರೋಟೀನು ಗ್ಲಾಸಿನ ಮೇಲೆ ದಪ್ಪ ನೊರೆ ನಿಲ್ಲಿಸುತ್ತದೆ, ಬಿಯರ್‌ಗೆ ಮಸುಕು ಕೊಡುತ್ತದೆ. ಆ ಮಸುಕನ್ನು ಅಮೆರಿಕದ ಜನ ಇಷ್ಟಪಡತೊಡಗಿದ್ದರ ಹಿಂದೆ ಒಂದು ಒಳ್ಳೆಯ ಕತೆಯಿದೆ. 1986ರಲ್ಲಿ ಆರೆಗನ್‌ನ ಪೋರ್ಟ್‌ಲೆಂಡ್‌ನಲ್ಲಿ ಕರ್ಟ್ ಮತ್ತು ರಾಬ್ ವಿಡ್ಮರ್ ಸಹೋದರರ ಬಳಿ ಇದ್ದದ್ದು ಎರಡೇ ಹುದುಗು ತೊಟ್ಟಿ. ಊರಿನ ಪಬ್ ಒಂದು ಮೂರನೆಯ ಬಗೆಯ ಬಿಯರ್ ಕೇಳಿತು. ಇನ್ನೊಂದು ತೊಟ್ಟಿ ಎಲ್ಲಿಂದ ತರುವುದು? ತಾವು ಮಾಡುತ್ತಿದ್ದ ಗೋಧಿ ಬಿಯರನ್ನೇ ಸೋಸದೆ ತುಂಬಿಸಿ ಕಳಿಸಿದರು. ಹೆಫೆವೈಜನ್ ಎಂಬ ಸೋಸದ ಗೋಧಿ ಬಿಯರ್‌ನ ಅಮೆರಿಕನ್ ಶೈಲಿ ಪ್ರಸಿದ್ಧವಾದದ್ದು ಹೀಗೆ.

ಜರ್ಮನಿಯ ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣಿನ ವಾಸನೆ ಏಕೆ? ಅಲ್ಲಿನ ಯೀಸ್ಟ್ ಐಸೋಅಮೈಲ್ ಅಸಿಟೇಟ್ ಎಂಬ ರಾಸಾಯನಿಕವನ್ನು ಹುಟ್ಟಿಸುತ್ತದೆ. ಬಾಳೆಹಣ್ಣಿನ ಪರಿಮಳವೂ ಇದರದೇ, ಜೇನುನೊಣ ಕುಟುಕುವಾಗ ಜೊತೆಯ ನೊಣಗಳನ್ನು ಎಚ್ಚರಿಸಲು ಹೊರಬಿಡುವ ವಾಸನೆಯಲ್ಲಿರುವ ಮುಖ್ಯ ಅಂಶವೂ ಇದೇ. ಅದರ ಜೊತೆಗೆ ಬರುವ ಲವಂಗದ ಘಾಟಿಗೆ ಕಾರಣ 4-ವಿನೈಲ್ ಗ್ವಾಯಕಾಲ್. ಗಮ್‌ಬಾಲ್‌ಹೆಡ್‌ನ ಕ್ಲೋನ್‌ಗೆ ಇವೆರಡೂ ಬೇಡ. ಬಾಳೆ, ಲವಂಗ ಮುಂದೆ ಬಂದರೆ ಹಾಪ್ಸ್ ಹಿಂದೆ ಸರಿಯುತ್ತದೆ. ಹಾಗಾಗಿ ಯಾವ ವಾಸನೆಯನ್ನೂ ಹೆಚ್ಚಾಗಿ ಸೇರಿಸದ ಅಮೆರಿಕನ್ ಏಲ್ ಯೀಸ್ಟನ್ನೇ ಆರಿಸಬೇಕು. ಜರ್ಮನ್ ಯೀಸ್ಟ್ ಹಾಕಿದರೂ ಒಳ್ಳೆಯ ಬಿಯರೇ ಆಗುತ್ತದೆ, ಆದರೆ ಅದು ಬೇರೆ ಬಿಯರ್.

ಹಾಗೆಂದು ಜರ್ಮನ್ ಯೀಸ್ಟ್ ಮತ್ತು ಹಾಪ್ಸ್ ಘಮ ಎರಡನ್ನೂ ಕೂಡಿಸಿದವರಿಲ್ಲ ಎಂದಲ್ಲ. ಬವೇರಿಯಾದ ಶ್ನೈಡರ್ ಬ್ರೂವರಿಯ ಹ್ಯಾನ್ಸ್-ಪೀಟರ್ ಡ್ರೆಕ್ಸ್ಲರ್ ಮತ್ತು ನ್ಯೂಯಾರ್ಕಿನ ಬ್ರೂಕ್ಲಿನ್ ಬ್ರೂವರಿಯ ಗ್ಯಾರೆಟ್ ಆಲಿವರ್ 2007ರಲ್ಲಿ ಜೊತೆಯಾಗಿ ‘ಹಾಪ್ಫೆನ್‌ವೈಸ’ ಎಂಬ ಹಾಪ್ಸ್ ಭರಿತ ಗೋಧಿ ಬಿಯರ್ ಮಾಡಿದರು. ಸಂಪ್ರದಾಯದ ಮನೆತನವೊಂದು ಅಷ್ಟು ಧೈರ್ಯ ತೋರಿದ್ದು ನನಗೆ ಇಂದಿಗೂ ಮೆಚ್ಚುಗೆಯ ವಿಷಯ.

ಹಾಪ್ ಬಳ್ಳಿ ಗಾಂಜಾ ಗಿಡದ ಸಸ್ಯಕುಟುಂಬಕ್ಕೆ ಸೇರಿದ್ದು. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬಿಯರ್‌ಗೆ ಬೇಕಾದದ್ದು ಹೆಣ್ಣು ಹೂ ಮಾತ್ರ. ಭಾರತದಲ್ಲಿ ಇದನ್ನು ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಬೆಳೆದದ್ದುಂಟು.

ಗಮ್‌ಬಾಲ್‌ಹೆಡ್‌ನ ಜೀವಾಳವಾದ ಅಮರಿಲೊ ತಳಿಯನ್ನು ಯಾರೂ ಪ್ರಯೋಗಾಲಯದಲ್ಲಿ ರೂಪಿಸಲಿಲ್ಲ. ವಾಷಿಂಗ್ಟನ್ ರಾಜ್ಯದ ಟಾಪೆನಿಶ್ ಬಳಿ, ಗಮಾಶ್ ಕುಟುಂಬದ ಹೊಲದಲ್ಲಿ ಬೇರೊಂದು ತಳಿಯ ನಡುವೆ ತಾನಾಗಿ ಹುಟ್ಟಿ ಕಣ್ಣಿಗೆ ಬಿದ್ದ ಬಳ್ಳಿ ಅದು. ಆಮೇಲೆ ಅದಕ್ಕೆ ಪೇಟೆಂಟ್ ಬಂತು. ಕಿತ್ತಳೆ, ಚಕ್ಕೋತ, ಏಪ್ರಿಕಾಟ್ ಹಣ್ಣಿನ ಪರಿಮಳ ಅದರ ಗುರುತು.

ಇನ್ನು ಹೊತ್ತಿನ ವಿಷಯ. ಹಾಪ್ಸ್‌ನಲ್ಲಿ ಎರಡು ಸಂಪತ್ತಿದೆ: ಕಹಿಗೆ ಆಲ್ಫಾ ಆಮ್ಲ, ಘಮಕ್ಕೆ ಎಣ್ಣೆ. ಆಲ್ಫಾ ಆಮ್ಲ ನೀರಿನಲ್ಲಿ ಚೆನ್ನಾಗಿ ಕರಗಿ ಕಹಿ ಕೊಡಬೇಕಾದರೆ ಕುದಿಯುತ್ತಾ ರೂಪ ಬದಲಿಸಿಕೊಳ್ಳಬೇಕು, ಅದಕ್ಕೆ ಸುಮಾರು ಒಂದು ತಾಸು ಬೇಕು. ಅಷ್ಟು ಹೊತ್ತು ಕುದಿಸಿದರೆ ಎಣ್ಣೆಯೆಲ್ಲ ಹಬೆಯ ಜೊತೆ ಹಾರಿಹೋಗುತ್ತದೆ. ಮೊದಲೇ ಹಾಕಿದರೆ ಕಹಿ ಸಿಗುತ್ತದೆ, ಘಮವಿಲ್ಲ. ಕೊನೆಗೆ ಹಾಕಿದರೆ ಘಮವಿದೆ, ಕಹಿ ಸಾಲದು. ಆದ್ದರಿಂದ ಕ್ಲೋನ್ ಮಾಡುವವರು ಕುದಿಯ ಆರಂಭದಲ್ಲಿ ಸ್ವಲ್ಪವೇ ಹಾಕಿ, ಹೆಚ್ಚಿನ ಪಾಲನ್ನು ಕೊನೆಯ ನಿಮಿಷಗಳಿಗೆ ಉಳಿಸಿಕೊಳ್ಳುತ್ತಾರೆ. ಒಲೆ ಆರಿಸಿ, ಪಾತ್ರೆಯ ಬಿಸಿ 80 ಡಿಗ್ರಿ ಸೆಲ್ಸಿಯಸ್‌ಗೆ ಇಳಿದ ಮೇಲೆ ಹಾಕಿ ಅರ್ಧ ತಾಸು ಬಿಟ್ಟರೆ ಕಹಿ ಅಷ್ಟಾಗಿ ಏರುವುದಿಲ್ಲ, ಎಣ್ಣೆ ಮಾತ್ರ ಇಳಿಯುತ್ತದೆ. ಹುದುಗಿದ ತಣ್ಣನೆಯ ಬಿಯರ್‌ಗೆ ಹೂವನ್ನು ನೇರವಾಗಿ ಹಾಕಿ ಮೂರು ನಾಲ್ಕು ದಿನ ಬಿಡುವುದು ‘ಡ್ರೈ ಹಾಪಿಂಗ್’. ಹಾಪ್ಸ್ ಘಮವಿರುವ ಬಿಯರ್‌ಗಳ ಮೂಗಿಗೆ ಬಡಿಯುವ ಪರಿಮಳ ಹೆಚ್ಚಾಗಿ ಬರುವುದು ಇಲ್ಲಿಂದ. ಇದರಲ್ಲೂ ಒಂದು ಸೂಕ್ಷ್ಮವಿದೆ: ಯೀಸ್ಟ್ ಇನ್ನೂ ಚುರುಕಾಗಿರುವಾಗ ಹಾಕಿದರೆ, ಹಾಪ್ಸ್‌ನಲ್ಲಿರುವ ಗುಲಾಬಿ ಪರಿಮಳದ ಜೆರಾನಿಯಾಲನ್ನು ಅದು ನಿಂಬೆಯ ಕಡೆ ವಾಲುವ ಸಿಟ್ರೋನೆಲಾಲ್ ಆಗಿ ಬದಲಿಸಬಲ್ಲದು. ಅದೇ ಹೂವನ್ನು, ಅಷ್ಟೇ ತೂಕದಲ್ಲಿ, ಎರಡು ದಿನ ತಡವಾಗಿ ಹಾಕಿದರೆ ಘಮವೇ ಬೇರೆಯಾಗಬಹುದು.

ಐಬಿಯು 35 ಎಂದರೇನು? ಲೀಟರಿಗೆ ಸರಿಸುಮಾರು 35 ಮಿಲಿಗ್ರಾಂ ಐಸೋ-ಆಲ್ಫಾ ಆಮ್ಲ, ಅಂದರೆ ಕುದಿದು ರೂಪ ಬದಲಿಸಿಕೊಂಡ ಆಲ್ಫಾ ಆಮ್ಲ.

ಇನ್ನು ನೀರು. ನಲ್ಲಿ ನೀರಿನಲ್ಲಿ ಸೋಂಕುನಾಶಕವಾಗಿರುವ ಕ್ಲೋರಮೈನ್ ಕುದಿಸಿದರೂ ಸುಲಭವಾಗಿ ಹೋಗುವುದಿಲ್ಲ. ಅದು ಉಳಿದರೆ ಬಿಯರ್‌ಗೆ ಆಸ್ಪತ್ರೆಯ ವಾಸನೆ ಬರುತ್ತದೆ. ಅದನ್ನು ತೆಗೆಯಲು 20 ಗ್ಯಾಲನ್ ನೀರಿಗೆ ಕ್ಯಾಂಪ್ಡನ್ ಎಂಬ ಒಂದು ಮಾತ್ರೆ ಪುಡಿಮಾಡಿ ಹಾಕಿದರೆ ಸಾಕು. ನೀರಿನಲ್ಲಿ ಸಲ್ಫೇಟ್ ಹೆಚ್ಚಿದ್ದರೆ ಹಾಪ್ಸ್‌ನ ಕಹಿ ಚೂಪಾಗುತ್ತದೆ, ಕ್ಲೋರೈಡ್ ಹೆಚ್ಚಿದ್ದರೆ ಗೋಧಿಯ ಮೃದುತನ ಮುಂದೆ ಬರುತ್ತದೆ.

ಬಿಯರ್ ಬಾಟಲಿ ಕಂದು ಬಣ್ಣದ್ದೇ ಏಕೆ? ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು, ಸ್ಕಂಕ್ ಎಂಬ ಪ್ರಾಣಿಯ ದುರ್ವಾಸನೆಯನ್ನು ಹೋಲುವ ಗಂಧಕದ ಸಂಯುಕ್ತ ಹುಟ್ಟುತ್ತದೆ. ಸುಡು ಬಿಸಿಲಿನಲ್ಲಿ ಇದಕ್ಕೆ ಕೆಲವೇ ನಿಮಿಷ ಸಾಕು. ಕಂದು ಗಾಜು ಆ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ.

ಡ್ರೈ ಹಾಪಿಂಗ್ ಮಾಡಿದವರು ಬಾಟಲಿ ತುಂಬಲು ಅವಸರ ಮಾಡಬಾರದು. ಹಾಪ್ಸ್‌ನಲ್ಲೂ ಪಿಷ್ಟವನ್ನು ಒಡೆಯುವ ಕಿಣ್ವಗಳಿವೆ. ಯೀಸ್ಟ್ ತಿನ್ನಲಾರದೆ ಬಿಟ್ಟ ಸಕ್ಕರೆಯನ್ನು ಅವು ತುಂಡರಿಸಿ ಮತ್ತೆ ಯೀಸ್ಟ್‌ನ ಮುಂದಿಡುತ್ತವೆ. 1893ರಲ್ಲೇ ಬ್ರೌನ್ ಮತ್ತು ಮಾರಿಸ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞರು ಇದನ್ನು ಗಮನಿಸಿದ್ದರು. ಮುಗಿಯಿತೆಂದು ಮುಚ್ಚಳ ಬಿಗಿದ ಬಾಟಲಿಯೊಳಗೆ ಹುದುಗು ಮತ್ತೆ ಶುರುವಾದರೆ ಗಾಜು ಸಿಡಿಯಬಹುದು. ಹೈಡ್ರೋಮೀಟರ್ ಅಂಕಿ ಮೂರು ದಿನ ಕದಲದೆ ನಿಂತ ಮೇಲೆಯೇ ಬಾಟಲಿಗೆ ಕೈ ಹಾಕಬೇಕು. ಈ ಒಂದು ಎಚ್ಚರಿಕೆಯಲ್ಲಿ ರಾಜಿ ಬೇಡ.

ಕ್ಲೋನ್ ಮಾಡುವುದು ಕಳ್ಳತನವೇ? ಬ್ರೂವರಿಗಳೇ ಹಾಗೆ ನೋಡುವುದಿಲ್ಲ. 2016ರಲ್ಲಿ ಸ್ಕಾಟ್ಲೆಂಡಿನ ಬ್ರೂಡಾಗ್ ತನ್ನ 200ಕ್ಕೂ ಹೆಚ್ಚು ಬಿಯರ್‌ಗಳ ಪಾಕವಿಧಾನವನ್ನು ಉಚಿತವಾಗಿ ಹಂಚಿತು. 2012ರಲ್ಲಿ ಅಮೆರಿಕದ ಶ್ವೇತಭವನವೂ ತನ್ನ ಅಡುಗೆಮನೆಯಲ್ಲಿ ಮಾಡಿದ ಜೇನಿನ ಬಿಯರ್‌ನ ಪಾಕವನ್ನು ಪ್ರಕಟಿಸಿತು. ಹೆಸರು ಮತ್ತು ಲೇಬಲ್ ಮಾತ್ರ ಮಾಲೀಕರ ಸ್ವತ್ತು. ವಿದ್ಯೆ ಕಲಿಯುವವರ ಪಾಲಿಗೆ ಬಾಗಿಲು ತೆರೆದೇ ಇದೆ, ಇದು ಈ ಕಸುಬಿನ ದೊಡ್ಡ ಗುಣ.

ಕೊನೆಗೆ, ಕ್ಲೋನ್ ಮೂಲದಂತೆಯೇ ಇದೆಯೇ ಎಂದು ತಿಳಿಯುವುದು ಹೇಗೆ? ಎರಡನ್ನೂ ಪಕ್ಕಪಕ್ಕ ಇಟ್ಟು ಕುಡಿದರೆ ಸಾಲದು, ಯಾವುದು ಯಾವುದೆಂದು ತಿಳಿದಿದ್ದರೆ ಮನಸ್ಸು ನಾಲಗೆಯನ್ನು ಮೋಸಗೊಳಿಸುತ್ತದೆ. 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿ ಬೆಳೆಸಿದ ತ್ರಿಕೋನ ಪರೀಕ್ಷೆ ಇಲ್ಲಿ ನೆರವಿಗೆ ಬರುತ್ತದೆ. ಗುರುತಿಲ್ಲದ ಮೂರು ಗ್ಲಾಸು, ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಇನ್ನೊಂದು. ಬೇರೆಯಾದದ್ದು ಯಾವುದೆಂದು ಹೇಳಬೇಕು. ಸುಮ್ಮನೆ ಊಹಿಸಿದರೂ ಮೂವರಲ್ಲಿ ಒಬ್ಬರ ಉತ್ತರ ಸರಿಯಾಗುವ ಸಂಭವವಿದೆ. ಹಾಗಾಗಿ 12 ಜನ ಕುಡಿದರೆ ಕನಿಷ್ಠ 8 ಜನ ಸರಿಯಾಗಿ ಗುರುತಿಸಬೇಕು, ಆಗ ಮಾತ್ರ ಎರಡೂ ಬೇರೆ ಎನ್ನಲು ಆಧಾರ ಸಿಕ್ಕಂತೆ. 7 ಜನರಾದರೆ ಸಾಲದು. ಹೋಲಿಕೆಗೆ ತರುವ ಮೂಲ ಬಾಟಲಿ ತಾಜಾ ಇರಲಿ, ತಯಾರಿಕೆಯ ದಿನಾಂಕ ನೋಡಿಯೇ ಕೊಳ್ಳಿ. ಹಾಪ್ಸ್‌ನ ಘಮ ಆಮ್ಲಜನಕ ಸೋಕಿದಷ್ಟೂ ಕುಗ್ಗುತ್ತದೆ. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕುಳಿತ ಬಾಟಲಿಗಿಂತ ಹೊಸದಾಗಿ ತುಂಬಿದ ಕ್ಲೋನ್‌ನಲ್ಲಿ ಅಮರಿಲೊ ಹೆಚ್ಚು ಘಮಘಮಿಸಬಹುದು.