ರೈಲುಹಾದಿಯ ಊರು ತೊಂಡೇಬಾವಿ

ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ಮೊದಲು ಹಳಿ ಬಂದು, ಅನಂತರ ಊರು ಹುಟ್ಟಿತು. 1867ರಲ್ಲಿ ಯೂನಿಯನ್ ಪೆಸಿಫಿಕ್ ರೈಲ್ವೆಯೊಡನೆ ತಲೆಯೆತ್ತಿದ ಷಯೆನ್ ನಗರವು ಇದಕ್ಕೆ ನಿದರ್ಶನ. ಉಗಿಬಂಡಿಗೆ ನೀರು, ಕಲ್ಲಿದ್ದಲು ಒದಗಿಸಲೆಂದೇ ಅಲ್ಲಿ ಅನೇಕ ಸಣ್ಣ ಊರುಗಳು ನೆಲೆಗೊಂಡವು. ಡೀಸೆಲ್ ಎಂಜಿನ್ ಬಂದೊಡನೆ ಅವುಗಳಲ್ಲಿ ಹಲವು ಬರಿದಾದವು.

ಗೌರಿಬಿದನೂರು ಸೀಮೆಯ ತೊಂಡೇಬಾವಿಯ ಕಥೆ ಬೇರೆ. ಇಲ್ಲಿ ಹಳಿಯು ಬೇಸಾಯದ ನಾಡಿನ ನಡುವೆ ಹಾದುಹೋಯಿತು. ಅದರ ಹಿನ್ನೆಲೆಯಲ್ಲಿದ್ದುದು ಕ್ಷಾಮದ ಕಹಿ ಅನುಭವ. ಮೈಸೂರು ಸಂಸ್ಥಾನದ ಜನಸಂಖ್ಯೆಯು 1871ರಲ್ಲಿ 50,55,412 ಇದ್ದುದು, 1876-78ರ ಕ್ಷಾಮದ ತರುವಾಯ 1881ರ ಗಣತಿಯಲ್ಲಿ 41,86,188ಕ್ಕೆ ಇಳಿಯಿತು. ಬೆಂಗಳೂರಿಗೆ 1864ರಲ್ಲಿಯೇ ರೈಲು ಬಂದಿದ್ದರೂ, ಅಲ್ಲಿಂದ ಒಳನಾಡಿನ ಹಳ್ಳಿಗಳಿಗೆ ಧಾನ್ಯ ಸಾಗಿಸಲು ಎತ್ತಿನ ಗಾಡಿಯೇ ಗತಿಯಾಗಿತ್ತು. ಮೇವಿಲ್ಲದೆ ಎತ್ತುಗಳೂ ಅಳಿದಿದ್ದವು. ರೈಲುಹಾದಿಯೆಂಬುದು ಅನ್ನದ ಹಾದಿಯೆಂಬ ಅರಿವು ಆಗ ದೃಢವಾಯಿತು.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತಾವಧಿಯಲ್ಲಿ (1883-1901), 1890ರ ದಶಕದ ಆರಂಭಕ್ಕೆ, ಯಶವಂತಪುರದಿಂದ ಹಿಂದೂಪುರದ ಕಡೆಗೆ ಮೀಟರ್ ಗೇಜ್ ಮಾರ್ಗ ಸಿದ್ಧವಾಯಿತು. ದೊಡ್ಡಬಳ್ಳಾಪುರವನ್ನು ದಾಟಿ, ಮಾಕಳಿದುರ್ಗದ ಬೆಟ್ಟಗಳ ನಡುವೆ ಬಳಸಿ ಇಳಿಯುವ ಈ ಹಾದಿಯಲ್ಲಿ ಗೌರಿಬಿದನೂರಿಗೆ ಮುನ್ನ ಸಿಗುವ ನಿಲ್ದಾಣವೇ ತೊಂಡೇಬಾವಿ. 1980ರ ದಶಕದಲ್ಲಿ ಇದು ಬ್ರಾಡ್ ಗೇಜ್ ಆಗಿ ಮಾರ್ಪಟ್ಟಿತು. ಇತ್ತೀಚಿನ ವರ್ಷಗಳಲ್ಲಿ ವಿದ್ಯುದೀಕರಣವೂ ಆಯಿತು. ಈ ಶತಮಾನದಲ್ಲಿ ಇಲ್ಲಿ ಎ.ಸಿ.ಸಿ. ಸಂಸ್ಥೆಯ ಸಿಮೆಂಟ್ ಅರೆಯುವ ಕಾರ್ಖಾನೆ ನೆಲೆಗೊಂಡಿತು. ಇಂತಹ ಕಾರ್ಖಾನೆಗೆ ಕ್ಲಿಂಕರ್ ಎಂಬ ಸುಟ್ಟ ಸುಣ್ಣಕಲ್ಲಿನ ಗಟ್ಟಿಯು ದೂರದಿಂದ ಬರಬೇಕಾಗುವುದರಿಂದ, ರೈಲುಹಾದಿಯ ಸಾಮೀಪ್ಯವೇ ಅದರ ಬಂಡವಾಳ.

ಉಗಿಬಂಡಿಯ ಕಾಲ ಮುಗಿದರೂ ತೊಂಡೇಬಾವಿ ಬರಿದಾಗಲಿಲ್ಲ. ಏಕೆಂದರೆ ಅದರ ಬದುಕಿನ ಬೇರು ಹೊಲದಲ್ಲಿತ್ತು, ಎಂಜಿನ್ನಿನಲ್ಲಿ ಅಲ್ಲ. ಆದರೆ ಸವಾಲು ಇಲ್ಲದಿಲ್ಲ. ಅನ್ನವನ್ನು ಒಳತರಲೆಂದು ಬಯಸಿದ ಹಳಿಯೇ ಇಂದು ದುಡಿಯುವ ಕೈಗಳನ್ನು ಸುಮಾರು 60 ಕಿಲೋಮೀಟರ್ ದೂರದ ಬೆಂಗಳೂರಿಗೆ ಒಯ್ಯುತ್ತದೆ. ಸಂಜೆ ಮರಳಿ ಬರುವವನನ್ನು ಜನಗಣತಿಯು ಊರಿನವನೆಂದೇ ಎಣಿಸುತ್ತದೆ. ಅಲ್ಲಿಯೇ ಮನೆಮಾಡಿದವನು ಲೆಕ್ಕದಿಂದ ಜಾರುತ್ತಾನೆ. ಇವರಿಬ್ಬರ ನಡುವಿನ ಅಂತರವನ್ನು ನಿರ್ಧರಿಸುವುದು ಊರಿನಲ್ಲಿ ದೊರೆಯುವ ನೀರು, ವಿದ್ಯೆ ಮತ್ತು ಉದ್ಯೋಗ. ಹಳಿಯು ಊರಿಗೆ ದಾರಿಯನ್ನು ಕೊಡಬಲ್ಲುದು. ಮರಳಿ ಬರಲು ಕಾರಣವನ್ನು ಊರೇ ಒದಗಿಸಬೇಕು.